ಅಲನ್ ಪಿಂಕರ್ಟನ್

ಅಲನ್ ಪಿಂಕರ್ಟನ್ (೧೮೧೯–೧೮೮೪): ಸ್ಕಾಟ್ಲೆಂಡಿನಲ್ಲಿ ಹುಟ್ಟಿ ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ನೆಲೆಸಿದ ಪತ್ತೇದಾರ, ಪಿಂಕರ್ಟನ್ ಪತ್ತೇದಾರಿ ಸಂಸ್ಥೆಯ ಸ್ಥಾಪಕ. ರೈಲುಗಳಲ್ಲಿ ನಡೆಯುವ ಕಳವು, ವಂಚನೆ ಹಾಗೂ ದರೋಡೆಗಳನ್ನು ತಡೆಯುವ ಕೆಲಸವನ್ನು ಒಂದು ವೃತ್ತಿಯಾಗಿ ರೂಪಿಸಿದವರಲ್ಲಿ ಈತ ಪ್ರಮುಖ. ರೈಲ್ವೆ ಪೊಲೀಸ್ ವ್ಯವಸ್ಥೆ ಇನ್ನೂ ನೆಲೆಗೊಳ್ಳದಿದ್ದ ಕಾಲದಲ್ಲಿ ಅದರ ಸ್ಥಾನವನ್ನು ಈತನ ಖಾಸಗಿ ಸಂಸ್ಥೆ ತುಂಬಿತು. ಅದರಿಂದ ದೊರೆತ ರಕ್ಷಣೆಯಂತೆಯೇ ಅದರಿಂದಾದ ಅನಾಹುತಗಳೂ ಇತಿಹಾಸದಲ್ಲಿ ದಾಖಲಾಗಿವೆ.

ಬಾಲ್ಯ ಮತ್ತು ವಲಸೆ

ಪಿಂಕರ್ಟನ್ ಜನಿಸಿದ್ದು ಗ್ಲಾಸ್ಗೋ ನಗರದ ಗಾರ್ಬಲ್ಸ್ ಎಂಬ ಬಡವರ ಬಡಾವಣೆಯಲ್ಲಿ. ಎಳೆಯ ವಯಸ್ಸಿನಲ್ಲಿಯೇ ದುಡಿಮೆಗೆ ಇಳಿದು, ಮರದ ಪೀಪಾಯಿ ತಯಾರಿಸುವ ಕಸುಬನ್ನು ಕಲಿತ. ಕಾರ್ಮಿಕರಿಗೆ ಮತದಾನದ ಹಕ್ಕು ಬೇಕೆಂದು ಹೋರಾಡುತ್ತಿದ್ದ ಚಾರ್ಟಿಸ್ಟ್ ಚಳವಳಿಯಲ್ಲಿ ಪಾಲ್ಗೊಂಡ. ೧೮೪೨ರಲ್ಲಿ ಜೋನ್ ಕಾರ್ಫ್ರೇ ಎಂಬ ಗಾಯಕಿಯನ್ನು ವಿವಾಹವಾಗಿ, ಅದೇ ವರ್ಷ ಪತ್ನಿಯೊಡನೆ ಅಮೆರಿಕಕ್ಕೆ ವಲಸೆ ಹೋದ. ಶಿಕಾಗೋ ನಗರಕ್ಕೆ ವಾಯವ್ಯದಲ್ಲಿರುವ ಡಂಡೀ ಎಂಬ ಊರಿನಲ್ಲಿ ಪೀಪಾಯಿ ಕಾರ್ಖಾನೆಯನ್ನು ತೆರೆದ. ಈತ ಗುಲಾಮಗಿರಿಯ ಕಟ್ಟಾ ವಿರೋಧಿಯಾಗಿದ್ದು, ದಕ್ಷಿಣದ ಪ್ರಾಂತ್ಯಗಳಿಂದ ತಪ್ಪಿಸಿಕೊಂಡು ಬರುತ್ತಿದ್ದ ಗುಲಾಮರಿಗೆ ಈತನ ಮನೆ ಆಶ್ರಯತಾಣವಾಗಿತ್ತು.

ಪತ್ತೇದಾರಿಕೆಗೆ ಪ್ರವೇಶ

ಪೀಪಾಯಿಗೆ ಬೇಕಾದ ಮರವನ್ನು ಹುಡುಕುತ್ತ ಫಾಕ್ಸ್ ನದಿಯ ನಡುಗಡ್ಡೆಯೊಂದಕ್ಕೆ ಹೋದಾಗ, ಅಲ್ಲಿ ಖೋಟಾ ಹಣ ತಯಾರಿಸುವವರ ಅಡಗುದಾಣ ಈತನ ಕಣ್ಣಿಗೆ ಬಿತ್ತು. ಆ ತಂಡವನ್ನು ಹಿಡಿಯಲು ಷರೀಫನಿಗೆ ನೆರವಾದದ್ದರಿಂದ ಈತನ ಹೆಸರು ಸುತ್ತಮುತ್ತ ಹಬ್ಬಿತು. ಮೊದಲು ಉಪ ಷರೀಫನಾಗಿ ಕೆಲಸ ಮಾಡಿ, ೧೮೪೯ರಲ್ಲಿ ಶಿಕಾಗೋ ಪೊಲೀಸ್ ಇಲಾಖೆಯ ಮೊದಲ ಪತ್ತೇದಾರನಾಗಿ ನೇಮಕಗೊಂಡ. ಸ್ವಲ್ಪ ಕಾಲದಲ್ಲಿಯೇ ಸರ್ಕಾರಿ ಕೆಲಸವನ್ನು ಬಿಟ್ಟು ಸ್ವಂತ ಸಂಸ್ಥೆಯನ್ನು ಆರಂಭಿಸಿದ. ತೆರೆದ ಕಣ್ಣಿನ ಚಿತ್ರ ಇದರ ಲಾಂಛನ. ಸಂಸ್ಥೆ ಎಂದೂ ನಿದ್ರಿಸುವುದಿಲ್ಲ ಎಂಬರ್ಥದ ಮಾತು ಇದರ ಘೋಷವಾಕ್ಯ.

ರೈಲ್ವೆ ಕಂಪನಿಗಳ ಕಾವಲು

೧೮೫೦ರ ದಶಕದಲ್ಲಿ ಅಮೆರಿಕದ ರೈಲುಮಾರ್ಗಗಳು ವೇಗವಾಗಿ ವಿಸ್ತರಿಸುತ್ತಿದ್ದವು. ಆದರೆ ಷರೀಫನ ಅಧಿಕಾರ ಅವನ ಕೌಂಟಿಯ ಗಡಿಗೆ ಮುಗಿಯುತ್ತಿತ್ತು. ನಗರ ಪೊಲೀಸರ ಅಧಿಕಾರ ನಗರದ ಎಲ್ಲೆಗೆ ಸೀಮಿತವಾಗಿತ್ತು. ರೈಲಾದರೋ ಒಂದೇ ದಿನದಲ್ಲಿ ಹಲವು ಕೌಂಟಿಗಳನ್ನು ಹಾದು ಹೋಗುತ್ತಿತ್ತು. ಒಂದು ಊರಿನಲ್ಲಿ ಕದ್ದವನು ಮುಂದಿನ ಪ್ರಾಂತ್ಯದಲ್ಲಿ ಇಳಿದುಹೋದರೆ ಹಿಡಿಯುವವರಿರಲಿಲ್ಲ. ಈ ಕೊರತೆಯೇ ಪಿಂಕರ್ಟನ್ ಸಂಸ್ಥೆಯ ಬೆಳವಣಿಗೆಗೆ ಕಾರಣವಾಯಿತು. ೧೮೫೫ರಲ್ಲಿ ಇಲಿನಾಯ್ ಪ್ರಾಂತ್ಯದ ಹಲವು ರೈಲ್ವೆ ಕಂಪನಿಗಳು ಈತನೊಡನೆ ಒಪ್ಪಂದ ಮಾಡಿಕೊಂಡವು. ಇಲಿನಾಯ್ ಸೆಂಟ್ರಲ್ ರೈಲ್ವೆಯ ಕೆಲಸದ ಸಂಬಂಧದಲ್ಲಿಯೇ ಅದರ ಅಧಿಕಾರಿ ಜಾರ್ಜ್ ಮೆಕ್ಲೆಲನ್ ಹಾಗೂ ಅದರ ಪರ ವಕೀಲನಾಗಿದ್ದ ಅಬ್ರಹಾಂ ಲಿಂಕನ್ನರ ಪರಿಚಯ ಈತನಿಗಾಯಿತು.

ಆಗ ಅನೇಕ ಪ್ರಯಾಣಿಕರು ರೈಲಿನಲ್ಲಿಯೇ ಕಂಡಕ್ಟರನಿಗೆ ಹಣ ಕೊಡುತ್ತಿದ್ದರು. ಕೆಲವು ಕಂಡಕ್ಟರುಗಳು ಅದನ್ನು ಲೆಕ್ಕಕ್ಕೆ ಸೇರಿಸದೆ ಜೇಬಿಗೆ ಹಾಕಿಕೊಳ್ಳುತ್ತಿದ್ದರು. ಪಿಂಕರ್ಟನ್ ತನ್ನ ಜನರನ್ನು ಸಾಮಾನ್ಯ ಪ್ರಯಾಣಿಕರ ವೇಷದಲ್ಲಿ ಕಳುಹಿಸಿ, ಎಷ್ಟು ಜನ ಹತ್ತಿದರು, ಎಷ್ಟು ಹಣ ಸಂದಾಯವಾಯಿತು ಎಂಬುದನ್ನು ಗುಟ್ಟಾಗಿ ಬರೆದಿರಿಸುತ್ತಿದ್ದ. ಕಂಪನಿಗಳಿಗೆ ಇದರಿಂದ ಲಾಭವಾಯಿತು. ಆದರೆ ರೈಲ್ವೆ ನೌಕರರು ಈ ಗೂಢಚಾರರನ್ನು ದ್ವೇಷಿಸತೊಡಗಿದರು.

೧೮೫೬ರಲ್ಲಿ ಕೇಟ್ ವಾರ್ನ್ ಎಂಬ ಯುವತಿ ಸಂಸ್ಥೆಗೆ ಸೇರಿದಳು. ಅಮೆರಿಕದ ಮೊದಲ ಮಹಿಳಾ ಪತ್ತೇದಾರಳೆಂದು ಈಕೆ ಪ್ರಸಿದ್ಧಳು. ರೈಲುಗಳ ಮೂಲಕ ಹಣ ಹಾಗೂ ಬೆಲೆಬಾಳುವ ವಸ್ತುಗಳನ್ನು ಸಾಗಿಸುತ್ತಿದ್ದ ಆಡಮ್ಸ್ ಎಕ್ಸ್‌ಪ್ರೆಸ್ ಕಂಪನಿಯ ಮಾಂಟ್ಗಮರಿ ಕಚೇರಿಯಿಂದ ಸುಮಾರು ೪೦,೦೦೦ ಡಾಲರ್ ಕಾಣೆಯಾದಾಗ, ಆರೋಪಿಯ ಪತ್ನಿಯ ಸ್ನೇಹ ಗಳಿಸಿ ಬಹುಪಾಲು ಹಣ ಮರಳಿ ಸಿಗುವಂತೆ ಮಾಡಿದವಳು ಈಕೆ.

ಲಿಂಕನ್ನನ ರೈಲುಪ್ರಯಾಣ

೧೮೬೧ರಲ್ಲಿ ಫಿಲಡೆಲ್ಫಿಯಾ, ವಿಲ್ಮಿಂಗ್ಟನ್ ಮತ್ತು ಬಾಲ್ಟಿಮೋರ್ ರೈಲ್ವೆಯ ಅಧ್ಯಕ್ಷ ಸ್ಯಾಮ್ಯುಯಲ್ ಫೆಲ್ಟನ್ ತನ್ನ ಮಾರ್ಗಕ್ಕೆ ಹಾನಿಯಾಗಬಹುದೆಂದು ಶಂಕಿಸಿ ಪಿಂಕರ್ಟನ್ನನನ್ನು ಕರೆಸಿದ. ತನಿಖೆ ನಡೆಸುವಾಗ, ಅಧಿಕಾರ ವಹಿಸಿಕೊಳ್ಳಲು ವಾಷಿಂಗ್ಟನ್ನಿಗೆ ಹೊರಟಿದ್ದ ಲಿಂಕನ್ನನನ್ನು ಬಾಲ್ಟಿಮೋರ್ ನಗರದಲ್ಲಿ ಕೊಲ್ಲುವ ಸಂಚಿದೆಯೆಂಬ ಸುಳಿವು ದೊರೆಯಿತು. ಪ್ರಕಟಿತ ಕಾರ್ಯಕ್ರಮದಂತೆ ಆತ ಹಗಲಿನಲ್ಲಿ ಬಂದು, ಜನಸಂದಣಿಯ ನಡುವೆ ಒಂದು ನಿಲ್ದಾಣದಿಂದ ಮತ್ತೊಂದು ನಿಲ್ದಾಣಕ್ಕೆ ಹೋಗಬೇಕಾಗಿತ್ತು. ಅಪಾಯವಿದ್ದದ್ದು ಅಲ್ಲಿಯೇ.

ಪಿಂಕರ್ಟನ್ ಪ್ರಯಾಣದ ದಾರಿಯನ್ನೂ ಸಮಯವನ್ನೂ ಬದಲಿಸಿದ. ಸುದ್ದಿ ಹರಡದಂತೆ ಟೆಲಿಗ್ರಾಫ್ ತಂತಿಗಳನ್ನು ಕತ್ತರಿಸಲಾಯಿತು. ಕೇಟ್ ವಾರ್ನ್, ಕಾಯಿಲೆಯಿಂದ ನರಳುವ ಸಹೋದರನಿಗೆಂದು ಹೇಳಿ ಮಲಗುವ ಬೋಗಿಯಲ್ಲಿ ಜಾಗ ಕಾದಿರಿಸಿದಳು. ಫೆಬ್ರವರಿ ೨೨ರ ರಾತ್ರಿ ಹೊರಟ ಲಿಂಕನ್ನನ ಬೋಗಿಯನ್ನು ಬಾಲ್ಟಿಮೋರ್ ನಗರದೊಳಗೆ ಕುದುರೆಗಳು ಎಳೆದು ಇನ್ನೊಂದು ನಿಲ್ದಾಣಕ್ಕೆ ಸೇರಿಸಿದವು. ೨೩ರ ಬೆಳಗಿನ ಜಾವ ಆತ ಸುರಕ್ಷಿತವಾಗಿ ವಾಷಿಂಗ್ಟನ್ ತಲುಪಿದ. ಸಂಚು ಎಷ್ಟು ನಿಜವಾಗಿತ್ತು ಎಂಬುದರ ಬಗ್ಗೆ ಇತಿಹಾಸಕಾರರಲ್ಲಿ ಒಮ್ಮತವಿಲ್ಲ. ಬಳಿಕ ನಡೆದ ಅಂತರ್ಯುದ್ಧದಲ್ಲಿ ಪಿಂಕರ್ಟನ್ ಸೇನಾಪತಿ ಮೆಕ್ಲೆಲನ್ನನ ಗುಪ್ತಚರನಾಗಿದ್ದ. ಶತ್ರುಸೇನೆಯ ಸಂಖ್ಯೆಯನ್ನು ಇದ್ದುದಕ್ಕಿಂತ ಬಹಳ ಹೆಚ್ಚಾಗಿ ಅಂದಾಜು ಮಾಡಿದನೆಂಬ ಆಕ್ಷೇಪಕ್ಕೆ ಗುರಿಯಾದ.

ರೈಲು ದರೋಡೆಕೋರರ ಬೆನ್ನಟ್ಟಿ

೧೮೬೬ರ ಅಕ್ಟೋಬರ್ ೬ರಂದು ಇಂಡಿಯಾನಾ ಪ್ರಾಂತ್ಯದ ಸೀಮೋರ್ ಬಳಿ ರೆನೋ ಸಹೋದರರ ತಂಡ ಚಲಿಸುತ್ತಿದ್ದ ಪ್ರಯಾಣಿಕರ ರೈಲಿನ ತಿಜೋರಿಯನ್ನು ದೋಚಿತು. ಶಾಂತಿಕಾಲದಲ್ಲಿ ನಡೆದ ಮೊದಲ ರೈಲು ದರೋಡೆಗಳಲ್ಲಿ ಇದನ್ನು ಮುಖ್ಯವೆಂದು ಪರಿಗಣಿಸಲಾಗಿದೆ. ಪಿಂಕರ್ಟನ್ ಜನರು ಈ ತಂಡವನ್ನು ಪ್ರಾಂತ್ಯಗಳ ಗಡಿ ದಾಟಿ ಕೆನಡಾದವರೆಗೂ ಹಿಂಬಾಲಿಸಿ ಹಿಡಿದರು. ಆದರೆ ಹಿಡಿದವರನ್ನು ನ್ಯಾಯಾಲಯದವರೆಗೆ ಉಳಿಸಿಕೊಳ್ಳುವುದು ಸಾಧ್ಯವಾಗಲಿಲ್ಲ. ೧೮೬೮ರ ಜುಲೈಯಲ್ಲಿ ರೈಲಿನಲ್ಲಿ ಸಾಗಿಸುತ್ತಿದ್ದ ಮೂವರು ಬಂದಿಗಳನ್ನು ಉದ್ರಿಕ್ತ ಗುಂಪು ಕೆಳಗಿಳಿಸಿ ಗಲ್ಲಿಗೇರಿಸಿತು. ಡಿಸೆಂಬರಿನಲ್ಲಿ ನ್ಯೂ ಆಲ್ಬನಿ ಸೆರೆಮನೆಗೆ ನುಗ್ಗಿದ ಗುಂಪು ಮೂವರು ರೆನೋ ಸಹೋದರರನ್ನೂ ಅವರ ಸಂಗಡಿಗನೊಬ್ಬನನ್ನೂ ಕೊಂದಿತು. ಇವರಲ್ಲಿ ಇಬ್ಬರನ್ನು ಕೆನಡಾ ಹಸ್ತಾಂತರಿಸಿದ್ದರಿಂದ ಈ ಘಟನೆ ಬ್ರಿಟನ್ನಿನೊಡನೆ ರಾಜತಾಂತ್ರಿಕ ವಿವಾದಕ್ಕೂ ಕಾರಣವಾಯಿತು.

೧೮೭೩ರಲ್ಲಿ ಜೆಸ್ಸಿ ಜೇಮ್ಸನ ತಂಡ ಅಯೋವಾದ ಅಡೇರ್ ಬಳಿ ಹಳಿ ಸಡಿಲಿಸಿ ರೈಲನ್ನು ಉರುಳಿಸಿತು; ಎಂಜಿನ್ ಚಾಲಕ ಸತ್ತ. ಈ ತಂಡವನ್ನು ಹಿಡಿಯಹೋದ ಪಿಂಕರ್ಟನ್ ಸಂಸ್ಥೆಯ ಪತ್ತೇದಾರರೂ ೧೮೭೪ರಲ್ಲಿ ಹತರಾದರು. ೧೮೭೫ರ ಜನವರಿಯ ಒಂದು ರಾತ್ರಿ ಸಂಸ್ಥೆಯ ಜನರು ಜೇಮ್ಸನ ತಾಯಿಯ ಮನೆಯನ್ನು ಮುತ್ತಿ ಉರಿಯುವ ಸಾಧನವೊಂದನ್ನು ಒಳಗೆ ಎಸೆದರು. ಅದು ಸಿಡಿದು ಎಂಟು ವರ್ಷದ ಬಾಲಕನೊಬ್ಬ ಪ್ರಾಣಬಿಟ್ಟ. ತಾಯಿ ಒಂದು ಕೈಯನ್ನು ಕಳೆದುಕೊಂಡಳು. ಜೇಮ್ಸ್ ಮನೆಯಲ್ಲಿರಲಿಲ್ಲ. ಜನರ ಅನುಕಂಪ ದರೋಡೆಕೋರನ ಕಡೆಗೆ ತಿರುಗಿತು. ೧೮೮೨ರಲ್ಲಿ ಜೇಮ್ಸನನ್ನು ಕೊಂದವನು ಅವನ ತಂಡದವನೇ ಹೊರತು ಪಿಂಕರ್ಟನ್ ಪತ್ತೇದಾರನಲ್ಲ.

ಟೀಕೆಗಳು

ಫಿಲಡೆಲ್ಫಿಯಾ ಮತ್ತು ರೆಡಿಂಗ್ ರೈಲ್ವೆಯ ಅಧ್ಯಕ್ಷ ಫ್ರಾಂಕ್ಲಿನ್ ಗೋವನ್ ಕೋರಿಕೆಯ ಮೇರೆಗೆ, ಪೆನ್ಸಿಲ್ವೇನಿಯಾದ ಕಲ್ಲಿದ್ದಲು ಗಣಿಗಾರರ ಮಾಲಿ ಮಗ್ವೈರ್ಸ್ ಎಂಬ ಗುಪ್ತ ಸಂಘದೊಳಗೆ ಪಿಂಕರ್ಟನ್ ತನ್ನ ಪತ್ತೇದಾರ ಜೇಮ್ಸ್ ಮೆಕ್‌ಪಾರ್ಲೆಂಡನನ್ನು ಸೇರಿಸಿದ. ಮುಂದೆ ನಡೆದ ವಿಚಾರಣೆಗಳಲ್ಲಿ ಆತನೇ ಪ್ರಮುಖ ಸಾಕ್ಷಿಯಾದ. ೧೮೭೭ರಿಂದ ೧೮೭೯ರವರೆಗೆ ಇಪ್ಪತ್ತು ಮಂದಿ ಗಲ್ಲಿಗೇರಿದರು. ಖಾಸಗಿ ಕಂಪನಿಯೊಂದು ತನಿಖೆಯನ್ನೂ ಮೊಕದ್ದಮೆಯನ್ನೂ ಈ ಮಟ್ಟಿಗೆ ನಿಯಂತ್ರಿಸಿದ್ದು ನ್ಯಾಯವೇ ಎಂಬ ಪ್ರಶ್ನೆ ಇಂದಿಗೂ ಚರ್ಚೆಯಲ್ಲಿದೆ. ಕಾರ್ಮಿಕರ ಹಕ್ಕಿಗಾಗಿ ಹೋರಾಡಿದ್ದ ಪಿಂಕರ್ಟನ್ ಕಡೆಗೆ ಕಾರ್ಮಿಕ ಸಂಘಗಳ ಎದುರಾಳಿಯಾದದ್ದು ಈತನ ಬದುಕಿನ ದೊಡ್ಡ ವಿರೋಧಾಭಾಸ.

ಕೊನೆಯ ವರ್ಷಗಳು ಮತ್ತು ಪ್ರಭಾವ

೧೮೬೯ರಲ್ಲಿ ಪಾರ್ಶ್ವವಾಯು ಬಡಿದ ಮೇಲೆ ಸಂಸ್ಥೆಯ ನಿತ್ಯದ ಹೊಣೆ ಕ್ರಮೇಣ ಪುತ್ರರಾದ ವಿಲಿಯಂ ಮತ್ತು ರಾಬರ್ಟರಿಗೆ ಸೇರಿತು. ೧೮೭೧ರ ಶಿಕಾಗೋ ಮಹಾ ಅಗ್ನಿದುರಂತದಲ್ಲಿ ಸಂಸ್ಥೆಯ ಹಳೆಯ ದಾಖಲೆಗಳು ಸುಟ್ಟುಹೋದವು. ಪಿಂಕರ್ಟನ್ ೧೮೮೪ರ ಜುಲೈ ೧ರಂದು ಶಿಕಾಗೋದಲ್ಲಿ ನಿಧನನಾದ. ಗ್ರೇಸ್‌ಲ್ಯಾಂಡ್ ಸ್ಮಶಾನದಲ್ಲಿ ಈತನ ಸಮಾಧಿಯಿದೆ; ೧೮೬೮ರಲ್ಲಿ ತೀರಿಕೊಂಡ ಕೇಟ್ ವಾರ್ನಳ ಸಮಾಧಿಯೂ ಅದೇ ಕುಟುಂಬದ ಜಾಗದಲ್ಲಿದೆ.

ಅಪರಾಧಿಗಳ ಭಾವಚಿತ್ರ ಹಾಗೂ ಚಹರೆಗಳ ಸಂಗ್ರಹ, ಮಫ್ತಿಯಲ್ಲಿ ರೈಲು ಹತ್ತುವ ಪತ್ತೇದಾರ, ಪ್ರಾಂತ್ಯಗಳ ನಡುವೆ ಮಾಹಿತಿ ವಿನಿಮಯ ಮುಂತಾದ ಈತನ ಕ್ರಮಗಳು ಮುಂದೆ ಪೊಲೀಸ್ ವ್ಯವಸ್ಥೆಯಲ್ಲಿ ಸಾಮಾನ್ಯವಾದವು. ಇನ್ನೊಂದು ಕಡೆ, ಪೆನ್ಸಿಲ್ವೇನಿಯಾ ೧೮೬೫ರಲ್ಲಿಯೇ ರೈಲ್ವೆ ಪೊಲೀಸರಿಗೆ ಕಾನೂನಿನ ಮನ್ನಣೆ ನೀಡಿತ್ತು. ೧೮೯೨ರಲ್ಲಿ ಹೋಮ್‌ಸ್ಟೆಡ್ ಉಕ್ಕಿನ ಕಾರ್ಖಾನೆಯ ಮುಷ್ಕರದಲ್ಲಿ ಸಂಸ್ಥೆಯ ಕಾವಲುಗಾರರಿಗೂ ಕಾರ್ಮಿಕರಿಗೂ ನಡೆದ ಘರ್ಷಣೆಯಲ್ಲಿ ಎರಡೂ ಕಡೆ ಸಾವುಗಳಾದವು. ಮರುವರ್ಷ ಅಮೆರಿಕದ ಸಂಸತ್ತು ಈ ಸಂಸ್ಥೆಯ ನೌಕರರನ್ನಾಗಲಿ ಅಂತಹ ಇತರ ಸಂಸ್ಥೆಗಳ ನೌಕರರನ್ನಾಗಲಿ ಕೇಂದ್ರ ಸರ್ಕಾರ ನೇಮಿಸಿಕೊಳ್ಳಬಾರದೆಂದು ಕಾನೂನು ಮಾಡಿತು.