ಹಕ್ಕಿಗೂ ಪಾಲು ಬಿಟ್ಟ ರೈತ: ಕಲಬುರಗಿ ಶರಣಬಸಪ್ಪ ಅಪ್ಪನ ಬದುಕು

ಭಂಕೂರ: ಹೋಳಿ ಬಣ್ಣ ಮೈಮ್ಯಾಲಿಂದ ಪೂರ್ತಿ ಹೋಗೋದರೊಳಗ ನಮ್ಮ ಕಡೆ ಮನೆಮನೆಯಲ್ಲೂ ಅಪ್ಪನ ಜಾತ್ರಿ ಮಾತು ಶುರುವಾಗಿರತದ. ಶಹಾಬಾದ ಸ್ಟೇಷನ್ನಿನಲ್ಲಿ ರೈಲು ಹತ್ತಿದರೆ ಮುಗೀತು, ಕಲಬುರಗಿ ಬಂತು. ಹೋಳಿ ಆದ ಐದನೇ ದಿನ ಸಂಜೆ ಶರಣಬಸವೇಶ್ವರರ ತೇರು. ಬಿಸಿಲು ಇನ್ನೂ ನೆತ್ತಿ ಸುಡುತ್ತಿರುವಾಗಲೇ ಉತ್ತತ್ತಿ, ಬಾಳೆಹಣ್ಣು ಹಿಡಿದ ಜನ ಗುಡಿಯ ಮುಂದಿನ ಬಯಲು ತುಂಬಿರುತ್ತಾರೆ. ಇಷ್ಟು ಜನ ಯಾರ ಹೆಸರಿನ ತೇರು ಎಳೆಯಲು ಬರುತ್ತಾರೋ, ಅವರು ಜೋಳ ಬೆಳೆಯುತ್ತಿದ್ದ ಒಬ್ಬ ರೈತ.

ಶರಣಬಸಪ್ಪ ಹುಟ್ಟಿದ್ದು 1746ರಲ್ಲಿ, ಜೇವರ್ಗಿ ಸೀಮೆಯ ಅರಳಗುಂಡಗಿಯಲ್ಲಿ. ಆಗ ಈ ಭಾಗವೆಲ್ಲ ನಿಜಾಮನ ಆಡಳಿತದಲ್ಲಿತ್ತು. ಕಲಕೇರಿಯ ಮರುಳಾರಾಧ್ಯರು ಅವರ ಗುರು, ಹೆಂಡತಿ ಮಹಾದೇವಿ. ಹೊಲದಲ್ಲಿ ಬೆಳೆದದ್ದನ್ನು ಮನೆಗೆ ಬಂದವರೆಲ್ಲರಿಗೂ ಉಣಬಡಿಸುವ ದಾಸೋಹವೇ ಅವರ ಪೂಜೆಯಾಗಿತ್ತು.

ಅವರ ಬಗ್ಗೆ ಹಳ್ಳಿಗಳಲ್ಲಿ ಎಲ್ಲಕ್ಕಿಂತ ಹೆಚ್ಚು ಹೇಳುವ ಕಥೆ ಹಕ್ಕಿಗಳದ್ದು. ಜೋಳ ಹಾಲುಗಾಳಾದಾಗ ಅಕ್ಕಪಕ್ಕದ ಹೊಲದವರು ಅಟ್ಟ ಕಟ್ಟಿ, ಕವಣಿ ಹಿಡಿದು ಬೆಳಗಿನಿಂದ ಸಂಜೆ ತನಕ ಕೂಗುತ್ತಿದ್ದರೆ, ಶರಣಬಸಪ್ಪ ಮಾತ್ರ ಹಕ್ಕಿ ಓಡಿಸಲಿಲ್ಲವಂತೆ. ತಿಂದ ಹಕ್ಕಿಗೆ ನೀರಡಿಕೆ ಆಗಬಾರದೆಂದು ಗಡಿಗೆಯಲ್ಲಿ ನೀರು ಬೇರೆ ಇಟ್ಟರಂತೆ. ರಾಶಿ ಮಾಡಿದಾಗ ಒಂದು ಚೀಲವೂ ಕಮ್ಮಿ ಬೀಳಲಿಲ್ಲ ಅಂತ ಜನ ಹೇಳತಾರ. ನಂಬೋದು ಬಿಡೋದು ಅವರವರಿಗೆ ಬಿಟ್ಟದ್ದು. ಆದರೆ ಒಂದು ಸುಗ್ಗಿಯಾದರೂ ಕವಣಿ ಬೀಸಿದವರಿಗೆ ಗೊತ್ತು, ಕೈ ಕಟ್ಟಿ ಕೂಡೋದು ಎಂಥಾ ಎದೆಗಾರಿಕೆ ಅಂತ.

ಅವರ ಕಾಲ ಸುಖದ ಕಾಲವೂ ಆಗಿರಲಿಲ್ಲ. 1791-92ರ ಹೊತ್ತಿಗೆ ದಖ್ಖನ್ನಿನ ಮೇಲೆ ಡೋಗಿ ಬರ ಬಂತು. ಸತ್ತವರನ್ನು ಮಣ್ಣು ಮಾಡುವವರೂ ಇಲ್ಲದೆ ಬಯಲಲ್ಲಿ ತಲೆಬುರುಡೆ ಬಿದ್ದಿದ್ದವು, ಅದಕ್ಕೇ ಆ ಹೆಸರು. ಶರಣಬಸಪ್ಪನವರಿಗೆ ಆಗ ನಲವತ್ತೈದರ ಆಸುಪಾಸು. ಅಂಥ ಕಾಲದಲ್ಲಿ ದಾಸೋಹ ಅಂದರೆ ಹಗೇವಿನ ತಳ ಕಾಣುವ ಮಾತು. ಜಾತ್ರಿ ಬಂದಾಗ ನಾವೆಲ್ಲ ಅಪ್ಪನ ಹೆಸರು ತಗೋತೀವಿ. ಬಂದವರಿಗೆಲ್ಲ ಜೋಳ ಬೀಸಿ, ರೊಟ್ಟಿ ಬಡಿದ ಮಹಾದೇವಿಯ ಹೆಸರೂ ಅಷ್ಟೇ ಸಲ ಬರಬೇಕಿತ್ತು ಅನ್ನೋದು ನಮ್ಮ ಅನಿಸಿಕೆ.

ಮುಂದೆ ಅರಳಗುಂಡಗಿ ಬಿಟ್ಟು ಕಲಬುರಗಿಗೆ ಬಂದರು. ದಾಸೋಹವೂ ಅವರ ಹಿಂದೆಯೇ ಬಂತು. ಖಾಜಾ ಬಂದೇ ನವಾಜರ ದರ್ಗಾ ಇರುವ ಊರದು. ಬಂದೇ ನವಾಜರು ತೀರಿದ್ದು 1422ರಲ್ಲಿ, ಶರಣಬಸಪ್ಪ ಲಿಂಗೈಕ್ಯರಾದದ್ದು 1822ರಲ್ಲಿ, ಸರಿಯಾಗಿ 400 ವರ್ಷದ ನಂತರ. ಉರುಸಿಗೆ ಹೋಗುವ ಹಿಂದೂಗಳೂ ಜಾತ್ರಿಗೆ ಬರುವ ಮುಸಲ್ಮಾನರೂ ಈ ಜಿಲ್ಲೆಗೆ ಹೊಸಬರಲ್ಲ.

ಅವರ ಸಮಾಧಿಯ ಮೇಲೆಯೇ ಇವತ್ತಿನ ಗುಡಿ ಇದೆ. ಗದ್ದುಗೆಯಲ್ಲಿ ಗುರು ಮರುಳಾರಾಧ್ಯರ ಮುಖ, ಶಿಷ್ಯನ ಮುಖ ಎರಡೂ ಜೋಡಿಯಾಗಿವೆ. ಶಿಷ್ಯ ದೊಡ್ಡಪ್ಪ ಮೊದಲ ಪೀಠಾಧಿಪತಿಯಾದರು. ತೇರಿನ ದಿನ ಪೀಠಾಧಿಪತಿಗಳು ಪರುಷ ಬಟ್ಟಲು ತೋರಿಸಿದ ಮೇಲೆಯೇ ತೇರು ಕದಲುವುದು. ಆ ಒಂದು ಗಳಿಗೆಗಾಗಿ ಜನ ಮಧ್ಯಾಹ್ನದಿಂದಲೇ ಕಾಯುತ್ತಾರೆ. ಆಮೇಲೆ ಬೆಂಡು ಬತ್ತಾಸು, ಬಳೆ, ತೊಟ್ಟಿಲು, ಪಾತ್ರೆ ಅಂಗಡಿಗಳ ಗದ್ದಲ ದಿನಗಟ್ಟಲೆ ಇರುತ್ತದೆ.

1934ರಲ್ಲಿ, ಶಾಲೆಗಳಲ್ಲಿ ಉರ್ದುವೇ ನಡೆಯುತ್ತಿದ್ದ ನಿಜಾಮನ ಕಾಲದಲ್ಲಿ, ಸಂಸ್ಥಾನದ ದೊಡ್ಡಪ್ಪ ಅಪ್ಪ ಹೆಣ್ಣುಮಕ್ಕಳಿಗಾಗಿ ಕನ್ನಡ ಶಾಲೆ ತೆರೆದರು. ಅದಕ್ಕೆ ಇಟ್ಟ ಹೆಸರು ಮಹಾದೇವಿ. ಇವತ್ತಿನ ಕಾಲೇಜು, ವಿಶ್ವವಿದ್ಯಾಲಯ ಎಲ್ಲಾ ಬೆಳೆದದ್ದು ಅಲ್ಲಿಂದಲೇ.

ಈ ಸಲ ಜಾತ್ರಿಗಿ ಹೋದವರು ತೇರು ನೋಡಿ ಹಾಂಗೇ ಬಸ್ ಹತ್ತಬ್ಯಾಡ್ರಿ. ದಾಸೋಹದ ಪಂಕ್ತಿಯಲ್ಲೂ ಒಂದು ಸಲ ಕೂತು ಬರ್ರಿ.