ಸದಲಗಾದ ಹುಡುಗ, ಕೊಲ್ಹಾಪುರದ ಗುರು: ಡಾ. ಆ. ನೇ. ಉಪಾಧ್ಯೆ



ಶಿಕ್ಷಕರ ದಿನದ ನಿಮಿತ್ತ ಒಬ್ಬ ಗುರುಗಳ ಪರಿಚಯ ಬರೆಯಬೇಕೆಂದು ಕಾರ್ಯಕಾರಿ ಸಮಿತಿ ನನಗೆ ಹೇಳಿತು. ದೂರದವರನ್ನು ಹುಡುಕುವ ಅಗತ್ಯ ಬೀಳಲಿಲ್ಲ. ನಮ್ಮ ನಾಂದಣಿಯಿಂದ ದತ್ತವಾಡದ ಕಡೆ ಹೋಗಿ ದೂಧಗಂಗಾ ನದಿ ದಾಟಿದರೆ ಸದಲಗಾ. ಆ ಊರಲ್ಲಿ 1906ರ ಫೆಬ್ರುವರಿ 6ರಂದು ಹುಟ್ಟಿದವರು ಆದಿನಾಥ ನೇಮಿನಾಥ ಉಪಾಧ್ಯೆ. ಪ್ರಾಕೃತ ಭಾಷೆಯ ವಿದ್ವಾಂಸರೆಂದು ದೇಶ ವಿದೇಶಗಳಲ್ಲಿ ಹೆಸರಾದವರು. ಆದರೆ ಅವರ ವೃತ್ತಿ ಕೇಳಿದರೆ ಒಂದೇ ಮಾತು: ಪಾಠ ಹೇಳುವುದು.

ಅಡ್ಡಹೆಸರಿನಲ್ಲೇ ಆ ವೃತ್ತಿ ಇದೆ. ನಮ್ಮ ಕಡೆ ಬಸದಿಯ ಪೂಜೆ ನೋಡಿಕೊಳ್ಳುವ ಜೈನ ಮನೆತನಗಳಿಗೆ ಉಪಾಧ್ಯೆ ಎನ್ನುತ್ತಾರೆ. ಉಪಾಧ್ಯಾಯ ಎಂಬುದೇ ಆ ಶಬ್ದದ ಮೂಲ. ಮನೆಯಲ್ಲಿ ಸ್ತೋತ್ರ, ಊರಲ್ಲಿ ಕನ್ನಡ, ನದಿಯ ಈಚೆ ಮರಾಠಿ. ಇಷ್ಟು ಭಾಷೆ ನಮ್ಮ ಗಡಿಯ ಯಾವ ಹುಡುಗನಿಗಾದರೂ ಕಿವಿಗೆ ಬೀಳುತ್ತದೆ. ಅದನ್ನು ವಿದ್ಯೆಯಾಗಿ ಮಾಡಿಕೊಳ್ಳಲು ಮಾತ್ರ ಗುರುಗಳು ಬೇಕು.

ಸದಲಗಾದಲ್ಲಿ ಪ್ರಾಥಮಿಕ ಶಾಲೆ ಮುಗಿದ ಮೇಲೆ ಅವರು ಬೆಳಗಾವಿಯ ಗಿಲಗಂಚಿ ಅರಟಾಳ ಹೈಸ್ಕೂಲು ಸೇರಿದರು. ಹಳ್ಳಿಯ ಹುಡುಗರನ್ನು ಮೆಟ್ರಿಕ್ ಪರೀಕ್ಷೆಗೆ ಸಿದ್ಧಗೊಳಿಸುವ ಶಾಲೆ ಅದು. ಅದರ ಮಾಸ್ತರರ ಹಿನ್ನೆಲೆ ತಿಳಿದುಕೊಳ್ಳುವಂಥದ್ದು. 1916ರ ನವೆಂಬರ್ 13ರಂದು ಬಸವನಾಳ, ಸಾಖರೆ, ಕಟ್ಟೀಮನಿ, ಮಮದಾಪುರ, ಹಂಚಿನಾಳ, ಚಿಕ್ಕೋಡಿ, ಪಾಟೀಲ ಎಂಬ ಏಳು ಮಂದಿ ಶಿಕ್ಷಕರು ಕೂಡಿ ಬೆಳಗಾವಿಯಲ್ಲಿ ಒಂದು ಆಂಗ್ಲೋ ವರ್ನಾಕ್ಯುಲರ್ ಶಾಲೆ ತೆರೆದರು. ಅದೇ ಇಂದಿನ ಕೆ.ಎಲ್.ಇ. ಸಂಸ್ಥೆಯ ಬೀಜ. ಜನ ಇವರನ್ನು ಸಪ್ತರ್ಷಿಗಳೆಂದು ಕರೆದರು. ಓದಿದವರಿಗೆ ಸರ್ಕಾರಿ ನೌಕರಿ ಸುಲಭವಾಗಿ ಸಿಗುತ್ತಿದ್ದ ಕಾಲದಲ್ಲಿ ಇವರು ಕಡಿಮೆ ಸಂಬಳಕ್ಕೆ ಶಾಲೆ ನಡೆಸಿದರು. ಊರೂರು ತಿರುಗಿ ದೇಣಿಗೆ ಕೂಡಿಸಿದರು. ಅರಟಾಳ ರುದ್ರಗೌಡರಂಥ ಹಿರಿಯರು ಬೆನ್ನಿಗೆ ನಿಂತರು.

ಈ ಏಳು ಜನರಲ್ಲಿ ಇಬ್ಬರ ವಿಷಯ ಸ್ವಲ್ಪ ಹೇಳಬೇಕು. ಶಿ. ಶಿ. ಬಸವನಾಳರು ಶಾಲೆಯ ಕೆಲಸದ ಜೊತೆಗೇ ವಚನಗಳನ್ನು ಸಂಪಾದಿಸಿದರು, 1944ರಲ್ಲಿ ರಬಕವಿಯ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದರು. ಸಾಖರೆಯವರು ಲಿಂಗಾಯತ ಧರ್ಮದ ಇತಿಹಾಸ ಮತ್ತು ತತ್ತ್ವಜ್ಞಾನದ ಬಗ್ಗೆ ಇಂಗ್ಲಿಷಿನಲ್ಲಿ ದೊಡ್ಡ ಗ್ರಂಥ ಬರೆದರು. ಶಾಲೆ ಕಟ್ಟಿದವರೇ ಹಳೆಯ ಗ್ರಂಥಗಳನ್ನೂ ಹುಡುಕಿ ಅಚ್ಚು ಮಾಡಿಸಿದವರು. ಉಪಾಧ್ಯೆಯವರು ಸೇರಿದಾಗ ಆ ಶಾಲೆಗೆ ಹತ್ತು ವರ್ಷವೂ ತುಂಬಿರಲಿಲ್ಲ. ಲಿಂಗಾಯತ ಹಿರಿಯರು ಕಟ್ಟಿದ ಶಾಲೆಯಲ್ಲಿ ಜೈನ ಪುರೋಹಿತರ ಮನೆಯ ಹುಡುಗ ಓದಿದ ಎಂಬುದನ್ನೂ ನೆನಪಿಡೋಣ.

ಕಾಲೇಜು ವಿದ್ಯಾಭ್ಯಾಸ ಸಾಂಗ್ಲಿಯ ವಿಲಿಂಗ್ಡನ್ ಕಾಲೇಜಿನಲ್ಲಿ ಮತ್ತು ಕೊಲ್ಹಾಪುರದ ರಾಜಾರಾಮ ಕಾಲೇಜಿನಲ್ಲಿ ನಡೆಯಿತು. ಪ್ರಾಕೃತದಲ್ಲಿ ಅವರಿಗೆ ಗುರುಗಳಾದವರು ಡಾ. ಪಿ. ಎಲ್. ವೈದ್ಯ. ಮುಂದೆ ಪುಣೆಯ ಭಾಂಡಾರಕರ ಸಂಸ್ಥೆಯ ಮಹಾಭಾರತ ಪರಿಷ್ಕರಣ ಕಾರ್ಯದ ಪ್ರಧಾನ ಸಂಪಾದಕರಾದವರು ಇವರೇ. ಒಂದು ಅಕ್ಷರಕ್ಕಾಗಿ ಹತ್ತು ಪ್ರತಿ ನೋಡುವ ಶಿಸ್ತು ಉಪಾಧ್ಯೆಯವರಿಗೆ ಇಂಥ ಗುರುಗಳಿಂದ ಬಂದಿತು. 1928ರಲ್ಲಿ ಬಿ.ಎ., 1930ರಲ್ಲಿ ಎಂ.ಎ. ಮುಗಿಸಿ, ಅದೇ ವರ್ಷ ರಾಜಾರಾಮ ಕಾಲೇಜಿನಲ್ಲಿ ಅರ್ಧಮಾಗಧಿ ಭಾಷೆಯ ಅಧ್ಯಾಪಕರಾದರು. ನಿವೃತ್ತರಾದದ್ದು 1962ರಲ್ಲಿ. ಮೂವತ್ತೆರಡು ವರ್ಷ ಒಂದೇ ಕಾಲೇಜು.

ಆ ಕಾಲೇಜಿನ ಶಿಕ್ಷಕರ ಕೊಠಡಿಯನ್ನು ಒಮ್ಮೆ ಮನಸ್ಸಿನಲ್ಲಿ ತಂದುಕೊಳ್ಳಿ. ಪ್ರಾಂಶುಪಾಲ ಡಾ. ಬಾಲಕೃಷ್ಣ ಮುಲ್ತಾನದ ಕಡೆಯವರು, ಹರಿದ್ವಾರದ ಕಾಂಗಡಿ ಗುರುಕುಲದಲ್ಲಿ ಕೆಲಸ ಮಾಡಿ ಬಂದ ಆರ್ಯಸಮಾಜಿ, ಶಿವಾಜಿ ಮಹಾರಾಜರ ಇತಿಹಾಸ ಬರೆದವರು. ಫಾರಸಿ ಕಲಿಸುತ್ತಿದ್ದವರು ಮಾಧವ ಜೂಲಿಯನ್ ಎಂಬ ಹೆಸರಿನಿಂದ ಪ್ರಸಿದ್ಧರಾದ ಮರಾಠಿ ಕವಿ ಪಟವರ್ಧನರು. ಕನ್ನಡ ಕಲಿಸುತ್ತಿದ್ದವರು ಕೆ. ಜಿ. ಕುಂದಣಗಾರರು. ಕೊಲ್ಹಾಪುರ ಸಂಸ್ಥಾನದ ಶಾಸನಗಳನ್ನು ಸಂಗ್ರಹಿಸಿ 1939ರಲ್ಲಿ ಪುಸ್ತಕ ಮಾಡಿದ ಇವರು 1961ರ ಗದಗ ಸಮ್ಮೇಳನದ ಅಧ್ಯಕ್ಷರು. ಮುಂದೆ ವಿ. ಕೃ. ಗೋಕಾಕರೂ ಇದೇ ಕಾಲೇಜಿನ ಪ್ರಾಂಶುಪಾಲರಾಗಿದ್ದರು. ಪಂಜಾಬದವರು, ಮರಾಠಿಯವರು, ಕನ್ನಡದವರು ಒಂದೇ ಮೇಜಿನ ಸುತ್ತ ಕೂತು ಚಹಾ ಕುಡಿದ ಜಾಗ ಅದು.

ಇನ್ನು ಉಪಾಧ್ಯೆಯವರ ಮುಖ್ಯ ಕೆಲಸ ಗ್ರಂಥಸಂಪಾದನೆ. ಇದೇನೆಂದು ನನ್ನ ಕಥೆಯಿಂದಲೇ ಹೇಳುತ್ತೇನೆ. ನಾನು ಒಂದು ಕಚೇರಿಯಲ್ಲಿ ಗುಮಾಸ್ತನಾಗಿದ್ದವನು. ನನ್ನ ಸೇವಾ ಪುಸ್ತಕದ ನಕಲು ಮಾಡುವಾಗ ಯಾರೋ ಹುಟ್ಟಿದ ತಾರೀಖಿನ 1ನ್ನು 7 ಎಂದು ಬರೆದರು. ಆ ನಕಲಿನಿಂದ ಇನ್ನೊಂದು ನಕಲು, ಅದರಿಂದ ಮತ್ತೊಂದು. ಪೆನ್ಶನ್ ಹೊತ್ತಿಗೆ ಎಲ್ಲ ಕಾಗದದಲ್ಲೂ 7 ಇತ್ತು. ಮೂಲ ಶಾಲಾ ದಾಖಲೆ ತಂದು ತೋರಿಸಿದ ಮೇಲೆಯೇ ಸರಿಯಾಯಿತು. ಅದಕ್ಕೆ ಎಂಟು ತಿಂಗಳು ಹಿಡಿಯಿತು. ಸಾವಿರ ವರ್ಷ ಕೈಬರಹದಲ್ಲಿ ನಕಲಾದ ಗ್ರಂಥದಲ್ಲಿ ಇಂಥ ತಪ್ಪು ಎಷ್ಟು ಸೇರಿರಬೇಡ! ಬೇರೆ ಬೇರೆ ಊರಿನ ಪ್ರತಿಗಳನ್ನು ತರಿಸಿ, ಸಾಲು ಸಾಲು ಹೋಲಿಸಿ, ಕವಿ ಬರೆದಿರಬಹುದಾದ ಪಾಠವನ್ನು ನಿಶ್ಚಯಿಸಿ, ಉಳಿದ ಪಾಠಗಳನ್ನು ಅಡಿಯಲ್ಲಿ ಕೊಡುವುದೇ ಸಂಪಾದನೆ.

ಹೀಗೆ 1935ರಲ್ಲಿ ಕುಂದಕುಂದಾಚಾರ್ಯರ ಪ್ರವಚನಸಾರವನ್ನು ದೀರ್ಘ ಪ್ರಸ್ತಾವನೆಯೊಡನೆ ಹೊರತಂದರು. 1939ರಲ್ಲಿ ಮುಂಬಯಿ ವಿಶ್ವವಿದ್ಯಾಲಯದಿಂದ ಡಿ.ಲಿಟ್. ಪಡೆದರು. ಪರಮಾತ್ಮಪ್ರಕಾಶ, ಬೃಹತ್ಕಥಾಕೋಶ, ತಿಲೋಯಪಣ್ಣತ್ತಿ, ಲೀಲಾವಈ ಒಂದರ ಹಿಂದೆ ಒಂದು ಬಂದವು. ಹೀರಾಲಾಲ ಜೈನರ ಜೊತೆಗೂಡಿ ಮಾಡಿದ ಕೆಲಸವೂ ದೊಡ್ಡದು. ಮೂಡಬಿದಿರೆಯ ತಾಳೆಗರಿಯಲ್ಲಿ ಉಳಿದಿದ್ದ ಧವಲಾ ಟೀಕೆ ಬೆಳಕು ಕಾಣಲು ಅವರೂ ನೆರವಾದರು.

ನಮಗೆ ಮುಖ್ಯವಾದ ಮಾತು ಇಲ್ಲಿದೆ. ಈ ಗ್ರಂಥಗಳ ಭಾಷೆ ಪ್ರಾಕೃತ ಅಥವಾ ಸಂಸ್ಕೃತ. ಆದರೆ ದಕ್ಷಿಣದಲ್ಲಿ ಉಳಿದ ತಾಳೆಗರಿಗಳ ಲಿಪಿ ಅನೇಕ ಕಡೆ ಹಳಗನ್ನಡ ಲಿಪಿ. ಕನ್ನಡ ಅಕ್ಷರ ಬಾರದವನಿಗೆ ಅದರ ಬಾಗಿಲು ತೆರೆಯುವುದಿಲ್ಲ. ಜಟಾಸಿಂಹನಂದಿಯ ವರಾಂಗಚರಿತ ಎಂಬ ಸಂಸ್ಕೃತ ಕಾವ್ಯವನ್ನು ಪಂಪನಂಥ ಕನ್ನಡ ಕವಿಗಳು ಬಲ್ಲವರಾಗಿದ್ದರು. ಆಮೇಲೆ ಅದು ಮರೆಯಾಗಿತ್ತು. ಉಪಾಧ್ಯೆಯವರಿಗೆ ಅದರ ತಾಳೆಗರಿ ಸಿಕ್ಕಿದ್ದು ಕೊಲ್ಹಾಪುರದ ಲಕ್ಷ್ಮೀಸೇನ ಮಠದಲ್ಲಿ. 1938ರಲ್ಲಿ ಅದನ್ನು ಅಚ್ಚು ಹಾಕಿಸಿದರು. ಆ ಕವಿಯ ಹೆಸರಿನ ಶಾಸನ, ಪಾದದ ಗುರುತು ನಮ್ಮ ಕೊಪ್ಪಳದ ಗುಡ್ಡದಲ್ಲಿವೆ.

ಅವರ ಇನ್ನೊಂದು ದೊಡ್ಡ ಕೆಲಸ ಕುವಲಯಮಾಲಾ. ಉದ್ಯೋತನ ಸೂರಿ ಕ್ರಿ.ಶ. 779ರಲ್ಲಿ ಜಾಲೋರದಲ್ಲಿ ಬರೆದು ಮುಗಿಸಿದ ಪ್ರಾಕೃತ ಕಥೆ. ಅದರ ಎರಡು ಭಾಗಗಳು 1959 ಮತ್ತು 1970ರಲ್ಲಿ ಬಂದವು. ಅದರಲ್ಲಿ ಒಂದು ಪೇಟೆಯ ವರ್ಣನೆ ಇದೆ. ನಾನಾ ದೇಶದ ವ್ಯಾಪಾರಿಗಳು ತಮ್ಮ ತಮ್ಮ ಮಾತಿನಲ್ಲಿ ಗದ್ದಲ ಮಾಡುತ್ತಾರೆ. ಕರ್ನಾಟಕದವರೂ ಇದ್ದಾರೆ, ಮಹಾರಾಷ್ಟ್ರದವರೂ ಇದ್ದಾರೆ. ನಮ್ಮ ಜಯಸಿಂಗಪುರದ ಸಂತೆಯೇ ಅನ್ನಿಸುತ್ತದೆ.

ಗೊಮ್ಮಟ ಎಂಬ ಹೆಸರಿನ ಮೇಲೆ 1940ರಲ್ಲಿ ಅವರು ಬರೆದ ಲೇಖನವೂ ಪ್ರಸಿದ್ಧ. ಗೊಮ್ಮಟ ಎಂಬುದು ಚಾವುಂಡರಾಯನ ಇನ್ನೊಂದು ಹೆಸರು, ಆತನ ದೇವರಾದ್ದರಿಂದ ಬಾಹುಬಲಿ ಗೊಮ್ಮಟೇಶ್ವರನಾದ ಎಂಬುದು ಅವರ ನಿರ್ಣಯ. ಅದೇ ಶ್ರವಣಬೆಳಗೊಳದಲ್ಲಿ 1967ರಲ್ಲಿ ನಡೆದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು. ರಾಜ್ಯಗಳ ಗಡಿ ಎಳೆದು ಹನ್ನೊಂದು ವರ್ಷ ಆಗಿತ್ತು. ಹೆಚ್ಚಾಗಿ ಇಂಗ್ಲಿಷಿನಲ್ಲಿ ಬರೆದ, ಮಹಾರಾಷ್ಟ್ರದಲ್ಲಿ ನೆಲೆಸಿದ ಮೇಷ್ಟ್ರನ್ನು ಕನ್ನಡಿಗರು ತಮ್ಮವರೆಂದು ಕರೆದು ಮೇಲೆ ಕೂಡಿಸಿದರು. 1971ರಲ್ಲಿ ಮೈಸೂರು ವಿಶ್ವವಿದ್ಯಾಲಯ ಜೈನಶಾಸ್ತ್ರ ಮತ್ತು ಪ್ರಾಕೃತ ವಿಭಾಗಕ್ಕೆ ಅವರನ್ನು ಬರಮಾಡಿಕೊಂಡಿತು. ಅರವತ್ತೈದು ದಾಟಿದ ಮೇಲೂ ಪಾಠ ನಡೆಯಿತು. 1975ರ ಅಕ್ಟೋಬರ್ 8ರಂದು ಕೊಲ್ಹಾಪುರದಲ್ಲಿ ತೀರಿಕೊಂಡರು.

ಬಂಧುಗಳೆ, ಇದನ್ನು ಬರೆಯುವಾಗ ಒಂದು ವಿಚಾರ ಕಾಡಿತು. ನನ್ನ ಮೊಮ್ಮಗ ಮನೆಯಲ್ಲಿ ಚೆನ್ನಾಗಿ ಕನ್ನಡ ಮಾತಾಡುತ್ತಾನೆ. ಬಸ್ಸಿನ ಮೇಲಿನ ಕನ್ನಡ ಬೋರ್ಡು ಓದಲು ಅವನಿಗೆ ಬರುವುದಿಲ್ಲ. ತಪ್ಪು ಅವನದಲ್ಲ, ಕಲಿಸದ ನನ್ನದು. ನಮ್ಮೂರಲ್ಲೇ ಜಿನಸೇನ ಭಟ್ಟಾರಕರ ಮಠವಿದೆ. ಹಳೆಯ ಬಸದಿಗಳಿವೆ, ಕಲ್ಲಿನ ಮೇಲೆ ಅಕ್ಷರಗಳಿವೆ. ಇವನ್ನು ನಾಳೆ ಓದುವವರು ಯಾರು? ಸದಲಗಾದ ಹುಡುಗನಿಗೆ ಏಳು ಮಾಸ್ತರರು ಕಟ್ಟಿದ ಶಾಲೆ ಸಿಕ್ಕಿತು. ನಮ್ಮ ಮಕ್ಕಳಿಗೆ ವಾರಕ್ಕೆ ಒಂದು ತಾಸು ಕಲಿಸುವ ಇಬ್ಬರಾದರೂ ಸಿಕ್ಕಾರೆಂಬ ಆಸೆ ನನ್ನದು.

ಭಾನುವಾರ ಬೆಳಿಗ್ಗೆ ಸಂಘದಲ್ಲಿ ಕನ್ನಡ ಅಕ್ಷರ ಕಲಿಸುವ ವರ್ಗ ನಡೆಸಲು ಮುಂದಿನ ಸಭೆಯಲ್ಲಿ ಪ್ರಸ್ತಾವ ಇಡುತ್ತೇನೆ. ಪಾಟಿ, ಬಳಪ ನನ್ನ ಖರ್ಚು. ಕಲಿಸಲು ಮನಸ್ಸಿರುವ ನಿವೃತ್ತ ಶಿಕ್ಷಕರು, ಶಿಕ್ಷಕಿಯರು ದಯವಿಟ್ಟು ಹೆಸರು ಕೊಡಬೇಕು. ಯಾರೂ ಬಾರದಿದ್ದರೆ ಮೊಮ್ಮಗನೊಬ್ಬನನ್ನೇ ಕೂಡಿಸಿಕೊಂಡು ನಾನು ಶುರು ಮಾಡುವೆ.

ಇತಿ ತಮ್ಮ ವಿಶ್ವಾಸಿ,
ಕಾರ್ಯದರ್ಶಿ