ಡಾಕ್ಟರ್ ಪಲ್ಪು

ತಿರುವನಂತಪುರದ ಈಳವ ಮನೆತನದಲ್ಲಿ 1863ರಲ್ಲಿ ಜನಿಸಿದ ಪದ್ಮನಾಭನ್ ಪಲ್ಪು ಅವರು ಮದರಾಸಿನಲ್ಲಿ ವೈದ್ಯಶಾಸ್ತ್ರವನ್ನು ವ್ಯಾಸಂಗ ಮಾಡಿದರು. ಆದರೂ ಜಾತಿಯ ಕಾರಣದಿಂದ ಸ್ವಂತ ನಾಡಾದ ತಿರುವಾಂಕೂರಿನಲ್ಲಿ ಅವರಿಗೆ ಉದ್ಯೋಗ ದೊರೆಯಲಿಲ್ಲ. ಮೈಸೂರು ಸಂಸ್ಥಾನವು ಅವರನ್ನು ಸೇವೆಗೆ ಸೇರಿಸಿಕೊಂಡಿತು. ಬೆಂಗಳೂರಿನಲ್ಲಿ ಸಿಡುಬಿನ ಲಸಿಕೆಯನ್ನು ಸಿದ್ಧಪಡಿಸುವ ಕೇಂದ್ರದಲ್ಲಿ ಅವರು ದುಡಿದರು. ತವರಿನ ಅನ್ಯಾಯವನ್ನು ಅವರು ಮರೆಯಲಿಲ್ಲ. 1896ರಲ್ಲಿ 13,176 ಮಂದಿಯ ಸಹಿಯುಳ್ಳ ಮನವಿಯನ್ನು ತಿರುವಾಂಕೂರಿನ ಅರಸರಿಗೆ ಸಲ್ಲಿಸಿದರು.

1898ರ ಆಗಸ್ಟಿನಲ್ಲಿ ಪ್ಲೇಗು ಬೆಂಗಳೂರನ್ನು ಹೊಕ್ಕಿತು. ಇಕ್ಕಟ್ಟಾದ ಪೇಟೆಯ ಬೀದಿಗಳು ಅಂತಹ ಮಾರಿಯನ್ನು ಎದುರಿಸಲು ಸಿದ್ಧವಾಗಿರಲಿಲ್ಲ. ಇಲಿಯ ಚಿಗಟದಿಂದ ರೋಗ ಹರಡುವುದೆಂಬ ನಿಶ್ಚಯವು ಅಂದಿನ ವೈದ್ಯಲೋಕಕ್ಕೇ ಇರಲಿಲ್ಲ. ಶಿಬಿರಕ್ಕೆ ಒಯ್ಯುವರೆಂಬ ಭಯದಿಂದ ರೋಗಿಗಳನ್ನು, ಕೆಲವೊಮ್ಮೆ ಸತ್ತವರನ್ನೂ, ಮರೆಮಾಡುವವರಿದ್ದರು. ಹೀಗಿರಲು ಸಾವಿನ ಲೆಕ್ಕವಾದರೂ ಸರಿಯಾಗಿ ಸಿಗುವುದೆಂತು? ತವರಿನಲ್ಲಿ ಯಾರ ಸ್ಪರ್ಶವನ್ನು ಮೈಲಿಗೆಯೆಂದು ಎಣಿಸಿದ್ದರೋ, ಆ ಪಲ್ಪು ಅವರೇ ಇಲ್ಲಿ ಬಂಧುಗಳೂ ಮುಟ್ಟಲಂಜಿದ ರೋಗಿಗಳ ನಡುವೆ ಶಿಬಿರದಲ್ಲಿ ನಿಂತು ಶುಶ್ರೂಷೆ ನಡೆಸಿದರು. ಅವರು 1950ರಲ್ಲಿ ನಿಧನರಾದರು.